ಮಾಧ್ಯಮ ಬದಲಿಸುವ ಮೊದಲು

ಈ ವರ್ಷ ಎಚಿಂಗ್, ಬರುವ ವರ್ಷ ಸೆರಾಮಿಕ್, ಅದಾದ ಮೇಲೆ ವಿಡಿಯೋ ಎಂದು ನೀನು ಪಟ್ಟಿ ಹಾಕಿಕೊಂಡಿದ್ದೀಯ. ಬೇಡ ಅನ್ನುವುದಿಲ್ಲ ಕಣಮ್ಮ. ನಿನ್ನ ವಯಸ್ಸಿನಲ್ಲಿ ಕೈ ಎಲ್ಲವನ್ನೂ ಮುಟ್ಟಿ ನೋಡಬೇಕು. ಆದರೆ ಪ್ಲೇಟು ಮಾತು ಕೇಳುತ್ತಿಲ್ಲ ಅನ್ನುವ ಬೇಸರಕ್ಕೆ ಮಾಧ್ಯಮ ಬಿಡುವುದೇ ಬೇರೆ, ಹೇಳಬೇಕಾದದ್ದು ಆ ಮಾಧ್ಯಮಕ್ಕೆ ಒಗ್ಗದೆ ಹೋದಾಗ ಬಿಡುವುದೇ ಬೇರೆ. ಎರಡನೆಯದು ಹೇಗಿರುತ್ತದೆ ಎಂದು ತಿಳಿಯಬೇಕಿದ್ದರೆ ಸೋಮನಾಥ ಹೋರ್ ಅವರ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡು.

ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್ ಕಡೆಯವರು, ಹುಟ್ಟಿದ್ದು 1921ರಲ್ಲಿ. 1943ರ ಬಂಗಾಳದ ಬರಗಾಲದಲ್ಲಿ ಹಸಿದವರ ಎದುರೇ ಕೂತು ಸ್ಕೆಚ್ ಮಾಡಲು ಅವರನ್ನು ಹಚ್ಚಿದವರು ಕಲಾವಿದ ಚಿತ್ತಪ್ರಸಾದ್. ಆ ಚಿತ್ರಗಳು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಅಚ್ಚಾದವು. 1946ರಲ್ಲಿ ಗೇಣಿದಾರರು ಬೆಳೆಯಲ್ಲಿ ಅರ್ಧವಲ್ಲ, ಮೂರರಲ್ಲಿ ಎರಡು ಪಾಲು ನಮಗೆ ಎಂದು ತೇಭಾಗ ಹೋರಾಟಕ್ಕೆ ನಿಂತಾಗ ರಂಗಪುರದ ಹಳ್ಳಿಗಳಿಗೆ ಹೋಗಿ ಡೈರಿ ಬರೆದರು, ಜೊತೆಗೆ ಚಿತ್ರ ಬರೆದರು. ಆ ಸ್ಕೆಚ್‌ಗಳಲ್ಲಿ ಕೆಲವು ಆಮೇಲೆ ವುಡ್‌ಕಟ್ ಆದವು. ಅವರಿಗೆ ವುಡ್‌ಕಟ್ ಫ್ಯಾಷನ್ ಆಗಿರಲಿಲ್ಲ. ಮರದ ಹಲಗೆ, ಉಳಿ, ಕಪ್ಪು ಶಾಯಿ ಇದ್ದರೆ ಪ್ರೆಸ್ ಇಲ್ಲದೆಯೂ ಅಚ್ಚು ತೆಗೆಯಬಹುದು, ಹತ್ತು ಜನರಿಗೆ ಹಂಚಬಹುದು. ಹಂಚಲೇಬೇಕಾದ ಕಾಲ ಅದು.

ಲಿಥೋ, ಎಚಿಂಗ್, ಇಂಟಾಗ್ಲಿಯೋ ಎಲ್ಲವನ್ನೂ ಅವರು ವರ್ಷಗಟ್ಟಲೆ ಪಳಗಿಸಿಕೊಂಡರು. ನಾನು ನಿನಗೆ ತೋರಿಸಬೇಕೆಂದಿರುವುದು ಅದರ ಮುಂದಿನ ಹೆಜ್ಜೆ. ಎಪ್ಪತ್ತರ ದಶಕದ ಶುರುವಿನಲ್ಲಿ ಅವರು 'ಗಾಯಗಳು' ಎಂಬ ಸರಣಿಗೆ ಕೈ ಹಾಕಿದರು. ಅದರಲ್ಲಿ ಶಾಯಿಯೇ ಇಲ್ಲ. ಜೇಡಿಮಣ್ಣಿನ ಹಾಳೆಯನ್ನು ಸೀಳಿ, ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಕಾಗದದ ತಿರುಳನ್ನು ಒತ್ತಿದರು. ಬಿಳಿಯ ಮೇಲೆ ಬಿಳಿ. ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಬಿರುಕು, ಬಾವು, ಕಲೆ ಕಾಣುತ್ತವೆ.

ಈಗ ಯೋಚಿಸು. ಎಚಿಂಗ್‌ನಲ್ಲಿ ಆಸಿಡ್ ಲೋಹವನ್ನು ತಿನ್ನುತ್ತದೆ, ಅಲ್ಲಿ ಶಾಯಿ ತುಂಬುತ್ತದೆ, ಕಾಗದ ಆ ಶಾಯಿಯನ್ನು ಎತ್ತಿಕೊಳ್ಳುತ್ತದೆ. ಗಾಯ ಆಗುವುದು ಪ್ಲೇಟಿಗೆ, ಕಾಗದಕ್ಕೆ ಸಿಗುವುದು ಅದರ ಚಿತ್ರ. ತಿರುಳಿನ ಕೆಲಸದಲ್ಲಿ ಕಾಗದವೇ ಗಾಯ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಸಿವು, ಹಿಂಸೆಗಳನ್ನೇ ಬರೆದ ಮನುಷ್ಯನಿಗೆ ಕೊನೆಗೆ ಚಿತ್ರವೂ ಹೆಚ್ಚಾಯಿತು ಅಂತ ನನಗೆ ಅನ್ನಿಸುತ್ತದೆ. ಮುಂದೆ ಕಂಚಿಗೆ ಹೋದಾಗಲೂ ಮೇಣದ ಹಾಳೆಯನ್ನು ಕತ್ತರಿಸಿ, ಹರಿದು, ಜೋಡಿಸಿ ಎರಕ ಹೊಯ್ದರು. ಆ ಮೂಳೆ ಎದ್ದ ಮೈಗಳಲ್ಲಿ ಗ್ರಾಫಿಕ್ಸ್ ಕಲಾವಿದನ ಕೈ ಎದ್ದು ಕಾಣುತ್ತದೆ. ವಿಯೆಟ್ನಾಂ ಜನರ ನೋವನ್ನು ನೆನೆದು ಮಾಡಿದ 'ತಾಯಿ ಮಗು' ಎಂಬ ದೊಡ್ಡ ಕಂಚು 1977ರಲ್ಲಿ ಶಾಂತಿನಿಕೇತನದ ಕಲಾಭವನದಿಂದ ಕಳುವಾಯಿತು, ಮತ್ತೆ ಸಿಗಲಿಲ್ಲ. ಅವರು ಕಂಚು ಬಿಡಲಿಲ್ಲ.

ಹಾಗಾಗಿ ನಿನಗೆ ಹೇಳುವುದಿಷ್ಟೆ. ಒಂದೇ ಪ್ಲೇಟಿನ ಪ್ರೂಫ್‌ಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ ನೋಡು. ಕೊನೆಯದು ಮೊದಲಿನದಕ್ಕಿಂತ ಹೆಚ್ಚೇನೂ ಹೇಳದಿದ್ದರೆ ಎಡವಿದ್ದು ಕೆಲಸದಲ್ಲಿ: ಕಾಗದ ಸರಿಯಾಗಿ ನೆನೆದಿಲ್ಲವೋ, ಶಾಯಿ ಒರೆಸಿದ್ದು ಹೆಚ್ಚಾಯಿತೋ ಹುಡುಕು. ಎಲ್ಲ ಸರಿಯಿದ್ದೂ ಮನಸ್ಸಿನಲ್ಲಿದ್ದದ್ದು ಅಲ್ಲಿಲ್ಲ ಅನ್ನಿಸಿದರೆ, ಆಗ ಮಣ್ಣಿಗೆ ಹೋಗು. ಪ್ಲೇಟಿನಲ್ಲಿ ಕಲಿತ ಕೈ ಮಣ್ಣಿಗೂ ಬರುತ್ತದೆ. ಅಂದಹಾಗೆ, ಆಸಿಡ್ ತೆಳುಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕಿಟಕಿ ತೆರೆದಿರಲಿ. ಗೊತ್ತಿದ್ದದ್ದೇ ಅಂತ ಮುಖ ತಿರುಗಿಸಬೇಡ.

ಇನ್ನೊಂದು ಮಾತು. ಚಿತ್ರಸಂತೆಯಲ್ಲಿ ಪೇಂಟಿಂಗ್‌ನ ಫೋಟೋ ತೆಗೆದು ಒಳ್ಳೆಯ ಕಾಗದದಲ್ಲಿ ಮುದ್ರಿಸಿದ್ದನ್ನೂ 'ಪ್ರಿಂಟ್' ಎಂದು ಮಾರುತ್ತಾರೆ. ಮಾರಲಿ. ನೀನು ಮಾತ್ರ ನಿನ್ನ ಅಚ್ಚಿನ ಕೆಳಗೆ 3/20 ಎಂದು ಪೆನ್ಸಿಲಿನಲ್ಲಿ ಬರೆದ ಮೇಲೆ ಇಪ್ಪತ್ತೊಂದನೆಯದು ತೆಗೆಯಬೇಡ. ಎಡಿಷನ್ ಮುಗಿದ ಪ್ಲೇಟಿನ ಮೇಲೆ ಗೀಟು ಎಳೆದುಬಿಡು. ಕೊಂಡವರು ಕಾಸು ಕೊಟ್ಟದ್ದು ಆ ಲೆಕ್ಕವನ್ನು ನಂಬಿ.

ಹೊಟ್ಟೆಪಾಡಿನ ಚಿಂತೆ ನಿನ್ನ ಅಮ್ಮನಿಗಿದೆ, ನನಗೂ ಇದೆ. ಹೋರ್ ಕೂಡ ಪಾಠ ಹೇಳಿಕೊಂಡೇ ಕೆಲಸ ಮಾಡಿದವರು. 1958ರಿಂದ 1967ರವರೆಗೆ ದೆಹಲಿಯ ಕಲಾಶಾಲೆಯಲ್ಲಿ ಗ್ರಾಫಿಕ್ಸ್ ವಿಭಾಗ ನೋಡಿಕೊಂಡರು, ಆಮೇಲೆ ಕಲಾಭವನಕ್ಕೆ ಬಂದರು. ಮಾಸ್ತರಿಕೆ ಮಾಡಿದರೆ ಕಲೆ ಕೆಡುತ್ತದೆ ಅನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಎಚಿಂಗ್ ಪ್ರೆಸ್ ಒಬ್ಬರೇ ಕೊಳ್ಳುವ ವಸ್ತುವಲ್ಲ, ಅದು ಇರುವುದೂ ಹೆಚ್ಚಾಗಿ ಕಲಾಶಾಲೆಗಳಲ್ಲೇ. ರಜೆಯಲ್ಲೂ ಆ ಕೋಣೆಯ ಕೀಲಿ ಕೊಡುವ ಕಡೆ ಕೆಲಸ ಸಿಕ್ಕಿದರೆ ಸಂಬಳ ಸ್ವಲ್ಪ ಕಡಿಮೆಯಾದರೂ ಒಪ್ಪಿಕೋ.