ಮನೆಯಲ್ಲಿ ಕಟ್ಟಿದ ವಿಮಾನದ ನಿಯಂತ್ರಣ ಭಾಗಗಳಲ್ಲಿ ಘರ್ಷಣೆ ತಗ್ಗಿಸುವುದು: ಪರೀಕ್ಷೆಗೆ ಮುಖ್ಯಾಂಶಗಳು

ಹಗ್ಗ, ಗೂಟ, ಕೇಬಲ್

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಊರು. ಹೊಳೆ ದಂಡೆಯಲ್ಲಿ ಬೆಳೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ದೋಣಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಬಹುದು, ದೋಣಿ ಜಗ್ಗಿದರೂ ಹಗ್ಗ ಸುಲಭವಾಗಿ ಜಾರದು. ಘರ್ಷಣ ಗುಣಾಂಕ 0.3 ಎಂದು ಹಿಡಿದರೆ 1 ಕಿ.ಗ್ರಾಂ. ಹಿಡಿತ ಸುಮಾರು 43 ಕಿ.ಗ್ರಾಂ. ಎಳೆತವನ್ನು ತಡೆಯುತ್ತದೆ. ದೋಣಿಗೆ ವರವಾದ ಇದೇ ಗುಣ ಪುಟ್ಟ ವಿಮಾನದ ಕಂಟ್ರೋಲ್ ಕೇಬಲ್‌ಗೆ ಶಾಪ. ಈ ಪಾಠದ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

ನೆನಪಿಡಬೇಕಾದ ಸೂತ್ರ: ಎಳೆಯಬೇಕಾದ ಬಲ = ಆಚೆ ತುದಿಯ ಬಲ × 2.718ರ ಘಾತ (ಘರ್ಷಣ ಗುಣಾಂಕ × ತಿರುವಿನ ಕೋನ). ಕೋನ ರೇಡಿಯನ್‌ನಲ್ಲಿರಬೇಕು.

- ಗುಣಾಂಕ 0.2, ತಿರುವು 90 ಡಿಗ್ರಿ: ಬಲ 1.37 ಪಟ್ಟು.
- ಗುಣಾಂಕ 0.2, ತಿರುವು 180 ಡಿಗ್ರಿ: 1.87 ಪಟ್ಟು.
- ಗುಣಾಂಕ 0.1, ತಿರುವು 90 ಡಿಗ್ರಿ: 1.17 ಪಟ್ಟು.

ಸೂತ್ರದಲ್ಲಿ ತಿರುವಿನ ತ್ರಿಜ್ಯವೇ ಇಲ್ಲ ಎಂಬುದನ್ನು ಗಮನಿಸಿ. ಕೊಳವೆಯೊಳಗೆ ಜಾರುವ ಕೇಬಲ್‌ಗೆ ಒಂದು 90 ಡಿಗ್ರಿ ತಿರುವೂ ಒಂದೇ, ಎರಡು 45 ಡಿಗ್ರಿ ತಿರುವುಗಳೂ ಒಂದೇ. ಒಟ್ಟು ಕೋನವಷ್ಟೇ ಲೆಕ್ಕಕ್ಕೆ ಬರುತ್ತದೆ. ತಿರುವನ್ನು ಅಗಲವಾಗಿ ಬಳಸಿದರೆ ಕೇಬಲ್‌ನ ಎಳೆಗಳ ಸವೆತ ಕಡಿಮೆಯಾಗುತ್ತದೆ, ಘರ್ಷಣೆ ಕಡಿಮೆಯಾಗುವುದಿಲ್ಲ. ಬಹಳ ವಿದ್ಯಾರ್ಥಿಗಳು ತಪ್ಪುವುದು ಇಲ್ಲಿಯೇ.

ಕರ್ನಾಟಕದ ನಿದರ್ಶನಗಳು

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಸಂಯುಕ್ತ ವಸ್ತುಗಳ ಕೆಲಸದಲ್ಲಿ ಕೈ ಪಳಗಿಸಿಕೊಳ್ಳಲು ಆರಿಸಿಕೊಂಡದ್ದು ಮನೆಯಲ್ಲಿ ಕಟ್ಟುವವರಿಗೆಂದೇ ಬರ್ಟ್ ರುಟಾನ್ ರೂಪಿಸಿದ್ದ ಲಾಂಗ್-ಈಝೀ ವಿನ್ಯಾಸವನ್ನು. ಅದರಿಂದ ಮೂಡಿದ ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ 1987ರಲ್ಲಿ ಹಾರಿತು. ಅದೇ ಅನುಭವದ ಮುಂದುವರಿಕೆಯಾಗಿ ಬಂದದ್ದು ಹಂಸ ವಿಮಾನ. ಹಂಸ-3ಕ್ಕೆ 2000ದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪ್ರಮಾಣಪತ್ರ ಸಿಕ್ಕಿತು, ಹಂಸ-ಎನ್‌ಜಿ 3 ಸೆಪ್ಟೆಂಬರ್ 2021ರಂದು ಮೊದಲ ಬಾರಿ ಹಾರಿತು. ಬೆಂಗಳೂರಿನದೇ ರಾಜಹಂಸ ಅಲ್ಟ್ರಾಲೈಟ್ಸ್‌ನ ಎಕ್ಸ್-ಏರ್ ಕಿಟ್‌ಗಳನ್ನು ಬ್ರಿಟನ್‌ನಲ್ಲಿ ಹವ್ಯಾಸಿಗಳು ತಾವೇ ಜೋಡಿಸಿ ಹಾರಿಸಿದ್ದಾರೆ. ನಮ್ಮ ನಾಡಿನಲ್ಲಿ ಕತ್ತರಿಸಿ ಕೊರೆದ ಕೊಳವೆಗಳು ದೂರದೇಶದ ಶೆಡ್‌ಗಳಲ್ಲಿ ವಿಮಾನವಾದವು ಎಂಬುದು ನನಗೆ ಹೆಮ್ಮೆಯ ಸಂಗತಿ.

ಲಾಂಗ್-ಈಝೀಯ ನಕ್ಷೆಯಲ್ಲೇ ಸರಳು, ಕೇಬಲ್ ಎಂಬ ಎರಡೂ ಬಗೆಯ ಜೋಡಣೆಗಳಿವೆ. ಮೂಗಿನ ಕೆನಾರ್ಡ್‌ನಲ್ಲಿರುವ ಎಲಿವೇಟರ್‌ಗೂ ರೆಕ್ಕೆಯ ಏಲರಾನ್‌ಗೂ ಸರಳು ಮತ್ತು ತಿರುಚು ಕೊಳವೆಗಳು. ರೆಕ್ಕೆಯ ತುದಿಯ ವಿಂಗ್‌ಲೆಟ್‌ನಲ್ಲಿರುವ ರಡರ್‌ಗೆ ಮಾತ್ರ ನೈಲಾನ್ ಕೊಳವೆಯೊಳಗೆ ಹಾಯುವ ಕೇಬಲ್. ಪೈಲಟ್ ಸದಾ ಬೆರಳಲ್ಲಿ ಹಿಡಿದಿರುವ ಸ್ಟಿಕ್‌ಗೆ ಕಡಿಮೆ ಘರ್ಷಣೆಯ ಸರಳು, ಕಾಲಿನ ಬಲ ಸಿಗುವ ರಡರ್‌ಗೆ ಜಾರುವ ಕೇಬಲ್. ಮನೆಯಲ್ಲಿ ಕಟ್ಟುವವರಲ್ಲಿ ಹೆಸರಾದ ಆರ್‌ವಿ ಸರಣಿಯಲ್ಲೂ ಇದೇ ಹಂಚಿಕೆ ಇದೆ.

ಘರ್ಷಣೆ ಏಕೆ ಅಪಾಯ?

ಕೈ ನೋಯುತ್ತದೆ ಎಂದಷ್ಟೇ ಉತ್ತರ ಬರೆದರೆ ಅರ್ಧ ಅಂಕ. ಗಾಳಿ ಎಲಿವೇಟರನ್ನು ತಳ್ಳುವ ಬಲ ಸ್ಟಿಕ್‌ಗೆ ಬಂದು ಕೈಗೆ ತಾಗುತ್ತದೆ. ವೇಗ ಕುಗ್ಗಿದೆಯೋ ಏರಿದೆಯೋ ಎಂದು ಪೈಲಟ್‌ಗೆ ತಿಳಿಸುವುದು ಅದೇ. ಘರ್ಷಣೆ ಆ ಸುದ್ದಿಯನ್ನು ದಾರಿಯಲ್ಲೇ ನುಂಗುತ್ತದೆ. 2017ಕ್ಕೆ ಮುಂಚಿನ ಅಮೆರಿಕದ ಸಣ್ಣ ವಿಮಾನಗಳ ನಿಯಮಾವಳಿಯಾದ ಎಫ್‌ಎಆರ್ 23ರ 173ನೇ ವಿಧಿಯ ಪ್ರಕಾರ, ವೇಗ ಬದಲಿಸಿ ಸ್ಟಿಕ್ಕನ್ನು ನಿಧಾನವಾಗಿ ಬಿಟ್ಟಾಗ ವಿಮಾನ ತಾನಾಗಿ ಟ್ರಿಮ್ ವೇಗದ (ಸ್ಟಿಕ್ ಹಿಡಿಯದೆ ಸಮವಾಗಿ ಹಾರುವ ವೇಗ) ಶೇ. 10ರ ಒಳಗೆ ಮರಳಬೇಕಿತ್ತು. ಘರ್ಷಣೆ ಹೆಚ್ಚಿದ್ದರೆ ಸ್ಟಿಕ್ ಬಿಟ್ಟಲ್ಲೇ ಕೂರುತ್ತದೆ, ಹುಟ್ಟಾ ಸ್ಥಿರವಾದ ವಿಮಾನವೂ ಅಸ್ಥಿರ ಎನಿಸುತ್ತದೆ. ಜೊತೆಗೆ ಉದ್ದ ಕೇಬಲ್ ಹಿಗ್ಗುವ ಗುಣದ್ದು. ಮೊದಲು ಹಿಗ್ಗಿ, ಅಂಟು ಬಿಟ್ಟೊಡನೆ ಜಿಗಿಯುತ್ತದೆ. ನೆಲಕ್ಕಿಳಿಯುವ ಕೊನೆಯ ಕ್ಷಣಗಳಲ್ಲಿ ಹೀಗೆ ಜಿಗಿದರೆ ಸಣ್ಣ ತಿದ್ದುಪಡಿ ಸಾಧ್ಯವಿಲ್ಲ.

ಜಾರಿಸಬೇಡಿ, ಉರುಳಿಸಿ

ಒಂದು ಲೆಕ್ಕವನ್ನು ಮಾಡಿಯೇ ನೋಡಬೇಕು. ಕೇಬಲ್‌ನ ಬಿಗಿತ 20 ಕಿ.ಗ್ರಾಂ., ತಿರುವು 90 ಡಿಗ್ರಿ. ಗುಣಾಂಕ 0.2 ಇರುವ ಕೊಳವೆಯಲ್ಲಿ ಜಾರಿಸಿದರೆ ನಷ್ಟ ಸುಮಾರು 7.4 ಕಿ.ಗ್ರಾಂ. ಅದೇ ಜಾಗದಲ್ಲಿ 30 ಮಿ.ಮೀ. ತ್ರಿಜ್ಯದ ಪುಲ್ಲಿಯನ್ನು 3 ಮಿ.ಮೀ. ತ್ರಿಜ್ಯದ ಬೋಲ್ಟ್ ಮೇಲೆ ಸಾದಾ ಬುಷ್ ಹಾಕಿ ಕೂರಿಸಿ. ಬೋಲ್ಟ್ ಮೇಲಿನ ಭಾರ 28 ಕಿ.ಗ್ರಾಂ.; ಬುಷ್‌ನ ಗುಣಾಂಕ 0.15 ಎಂದರೂ ಕೇಬಲ್‌ಗೆ ತಾಗುವ ನಷ್ಟ 0.42 ಕಿ.ಗ್ರಾಂ. ಮಾತ್ರ. ಬಾಲ್ ಬೇರಿಂಗ್ ಇದ್ದರೆ ನಷ್ಟ ಹೆಸರಿಗಷ್ಟೇ. ಬಾವಿಯ ರಾಟೆಯ ಕಥೆಯೂ ಇದೇ: ಹಗ್ಗವನ್ನು ಕಲ್ಲಿನ ಅಂಚಿನ ಮೇಲೆ ಎಳೆದು ನೀರು ಸೇದಿದವರಿಗೆ ರಾಟೆಯ ಬೆಲೆ ಗೊತ್ತು.

ಪುಲ್ಲಿಯ ತ್ರಿಜ್ಯ ದುಪ್ಪಟ್ಟಾದರೆ ಬೇರಿಂಗ್ ಘರ್ಷಣೆಯಿಂದಾಗುವ ನಷ್ಟ ಅರ್ಧವಾಗುತ್ತದೆ. ಕೇಬಲ್ ಪುಲ್ಲಿಯ ಸಮತಲದಲ್ಲೇ ಬರಬೇಕು. ಓರೆಯಾಗಿ ಬಂದರೆ ಅಂಚನ್ನು ಉಜ್ಜುತ್ತದೆ.

ಫೇರ್‌ಲೀಡ್ ಇರುವುದು ಕೇಬಲನ್ನು ದಾರಿಯಲ್ಲಿಡಲು, ತಿರುಗಿಸಲು ಅಲ್ಲ. ಹಳೆಯ ಎಫ್‌ಎಆರ್ 23ರ 689ನೇ ವಿಧಿ: ಫೇರ್‌ಲೀಡ್‌ನಲ್ಲಿ ದಿಕ್ಕು 3 ಡಿಗ್ರಿಗಿಂತ ಹೆಚ್ಚು ಬದಲಾಗಬಾರದು, ಮುಖ್ಯ ನಿಯಂತ್ರಣದಲ್ಲಿ ಕೇಬಲ್ ವ್ಯಾಸ 1/8 ಇಂಚಿಗಿಂತ (ಸುಮಾರು 3.2 ಮಿ.ಮೀ.) ಕಡಿಮೆ ಇರಬಾರದು ಎನ್ನುತ್ತಿತ್ತು. ಈ 3 ಡಿಗ್ರಿಯನ್ನು 0.2 ಗುಣಾಂಕದೊಂದಿಗೆ ಮೇಲಿನ ಸೂತ್ರಕ್ಕೆ ಹಾಕಿದರೆ ನಷ್ಟ ಶೇ. 1ರಷ್ಟೇ ಬರುತ್ತದೆ.

ಪುಲ್ಲಿ ಮೇಲೆ ಓಡುವ ಕೇಬಲ್: 7×19, ಅಂದರೆ 19 ಎಳೆಗಳ 7 ಹುರಿ, ಒಟ್ಟು 133 ಎಳೆ. ಹೆಚ್ಚು ಬಾಗುತ್ತದೆ.

ಕೀಲುಗಳು

ಮನೆಯಲ್ಲಿ ಕಟ್ಟಿದ ವಿಮಾನದ ಕಂಟ್ರೋಲ್ ಬಿಗಿ ಎನಿಸಿದರೆ ಮೊದಲು ಅನುಮಾನಿಸಬೇಕಾದ್ದು ಹಿಂಜ್‌ಗಳ ಸಾಲು. ಎರಡು ಹಿಂಜ್ ಇದ್ದಾಗ ಅವು ಹೇಗೋ ಹೊಂದಿಕೊಳ್ಳುತ್ತವೆ. ಮೂರನೆಯದು ಕೂದಲೆಳೆಯಷ್ಟು ಸರಿದಿದ್ದರೂ ಇಡೀ ಏಲರಾನ್ ಬಿಗಿಯುತ್ತದೆ. ಬಿಗಿದು ಕಟ್ಟಿದ ದಾರ ಅಥವಾ ನೆಟ್ಟಗಿನ ಒಂದೇ ಸರಳನ್ನು ಮೂರೂ ರಂಧ್ರಗಳಲ್ಲಿ ತೂರಿಸಿ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಘರ್ಷಣೆ ತಗ್ಗಿಸಲು ರಂಧ್ರ ದೊಡ್ಡದು ಮಾಡಬಾರದು. ಸಡಿಲ ಬಿಟ್ಟ ಕೀಲು ಅಲುಗಾಡುತ್ತದೆ, ಅಲುಗಾಟ ಫ್ಲಟರ್‌ಗೆ (ಗಾಳಿಯಲ್ಲಿ ತಾನೇ ಬೆಳೆಯುವ ಅದುರುವಿಕೆಗೆ) ದಾರಿ ಮಾಡಿಕೊಡುತ್ತದೆ, ಫ್ಲಟರ್ ಕ್ಷಣಗಳಲ್ಲಿ ರೆಕ್ಕೆ ಮುರಿಯಬಲ್ಲದು. ಬೇಕಾದ್ದು ಬೋಲ್ಟ್‌ಗೆ ಸರಿಯಾಗಿ ರೀಮ್ ಮಾಡಿದ ಬುಷ್.

- ನೈಲಾನ್ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಹಗುರವಾಗಿ ತಿರುಗಿದ ಬುಷ್ ಮಳೆಗಾಲದಲ್ಲಿ ಬಿಗಿಯಬಹುದು. ಡೆಲ್ರಿನ್ ಅಷ್ಟು ತೇವ ಹೀರದು.
- ಟೆಫ್ಲಾನ್ ಒಳಪದರದ ರಾಡ್ ಎಂಡ್ ಬೇರಿಂಗ್‌ಗೆ (ಸರಳಿನ ತುದಿಯ ಗುಂಡು ಕೀಲಿಗೆ) ಎಣ್ಣೆ ಹಾಕಬಾರದು.
- ರಾಡ್ ಎಂಡ್‌ನ ಪಕ್ಕ ದೊಡ್ಡ ವಾಷರ್ ಇರಲಿ. ಗುಂಡು ಕಳಚಿದರೂ ಸರಳು ಬೋಲ್ಟ್‌ನಿಂದ ಆಚೆ ಬೀಳದು.
- ತಿರುಗುವ ಕೀಲಿನ ಬೋಲ್ಟ್‌ಗೆ ಸೆಲ್ಫ್ ಲಾಕಿಂಗ್ ನಟ್ ಒಂದನ್ನೇ ನಂಬಬಾರದು. ಕಚ್ಚುಗಳಿರುವ ನಟ್, ಕಾಟರ್ ಪಿನ್ ಬೇಕು.

ಬಿಸಿಲು ಮತ್ತು ಬಿಗಿತ

ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ, ಉಕ್ಕು ಸುಮಾರು 12 ಭಾಗ. ಬೆಂಗಳೂರಿನ ತಂಪು ಹ್ಯಾಂಗರ್‌ನಲ್ಲಿ 22 ಡಿಗ್ರಿಯಲ್ಲಿ ಹದ ಮಾಡಿದ ವಿಮಾನವನ್ನು ವಿಜಯಪುರ ಜಿಲ್ಲೆಯ 42 ಡಿಗ್ರಿ ಬಿಸಿಲಿಗೆ ತಂದು ನಿಲ್ಲಿಸಿದರೆ 5 ಮೀಟರ್ ಉದ್ದದಲ್ಲಿ ಅಲ್ಯುಮಿನಿಯಂ ಒಡಲು ಉಕ್ಕಿನ ಕೇಬಲ್‌ಗಿಂತ ಸುಮಾರು 1.1 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ಕೇಬಲ್ ಬಿಗಿಯುತ್ತದೆ, ಪುಲ್ಲಿಗಳ ಮೇಲಿನ ಭಾರವೂ ಅದರೊಂದಿಗೆ ಘರ್ಷಣೆಯೂ ಏರುತ್ತದೆ. ಕೇಬಲ್‌ನ ಬಿಗಿತ ಅಳೆಯುವ ಟೆನ್ಶಿಯೋಮೀಟರ್‌ನ ಓದಿನೊಂದಿಗೆ ತಾಪಮಾನವನ್ನೂ ಬರೆದಿಡುವುದು ಇದಕ್ಕಾಗಿ. ಬಿಗಿತ ಹೊಂದಿಸುವ ಟರ್ನ್‌ಬಕಲ್‌ನ ಎರಡೂ ತುದಿಯಲ್ಲಿ ಹೊರಗೆ ಕಾಣುವ ಸುರುಳಿ 3ಕ್ಕಿಂತ ಹೆಚ್ಚಿರಬಾರದು.

ಎಣ್ಣೆ ಕೊನೆಯ ಮದ್ದು

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಬೆಳೆದ ನಮಗೆ ಬಿಗಿ ಕಂಡಲ್ಲಿ ಎಣ್ಣೆ ಸುರಿಯುವ ಮನಸ್ಸಾಗುತ್ತದೆ. ಆದರೆ ತಿರುವು ತಪ್ಪಿದ ಕೇಬಲನ್ನು, ಸಾಲು ತಪ್ಪಿದ ಹಿಂಜನ್ನು ಎಣ್ಣೆ ಸರಿಪಡಿಸದು; ಕೆಲವು ದಿನ ಮುಚ್ಚಿಡುತ್ತದೆ. ತೆರೆದ ಕೀಲಿಗೆ ಬಳಿದ ಗ್ರೀಸ್ ನಮ್ಮ ಎರೆ ಮಣ್ಣಿನ ಧೂಳು ಹಿಡಿದು ಉಜ್ಜುಪುಡಿಯಾಗುತ್ತದೆ. ಗ್ರಾಫೈಟ್ ಅಲ್ಯುಮಿನಿಯಂಗೆ ತಾಗಿದರೆ ತೇವದಲ್ಲಿ ಕೊರೆತ ಶುರುವಾಗುತ್ತದೆ. ಕೇಬಲನ್ನು ದ್ರಾವಕದಲ್ಲಿ ನೆನೆಸಿ ತೊಳೆದರೆ ಎಳೆಗಳ ನಡುವಿನ ಎಣ್ಣೆಯೂ ಹೋಗುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು.

ಅಳೆಯುವ ಬಗೆ

ಸ್ಟಿಕ್‌ನ ತುದಿಗೆ ಸ್ಪ್ರಿಂಗ್ ತ್ರಾಸು ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಅದೇ ಬಿಂದುವನ್ನು ದಾಟಿ ಹಿಂದಕ್ಕೆ ಬಿಡುವಾಗಲೂ ಓದಿ. ಹೋಗುವಾಗ 600 ಗ್ರಾಂ, ಬರುವಾಗ 200 ಗ್ರಾಂ ಬಂದರೆ ವ್ಯತ್ಯಾಸದ ಅರ್ಧ, ಅಂದರೆ 200 ಗ್ರಾಂ, ಘರ್ಷಣೆ. ಉಳಿದ 400 ಗ್ರಾಂ ಭಾಗಗಳ ತೂಕ ಅಥವಾ ಸ್ಪ್ರಿಂಗ್‌ನದು. ಅದನ್ನು ಘರ್ಷಣೆಗೆ ಸೇರಿಸಬಾರದು. ಬಳಿಕ ಎಲಿವೇಟರ್ ತುದಿಯಿಂದ ಒಂದೊಂದೇ ಕೊಂಡಿ ಕಳಚುತ್ತ ಮತ್ತೆ ಅಳೆಯಿರಿ. ಓದು ಯಾವ ಕೊಂಡಿ ಬಿಟ್ಟಾಗ ಥಟ್ಟನೆ ಇಳಿಯುತ್ತದೋ ದೋಷ ಅಲ್ಲಿದೆ.

ನಿಂತ ವಿಮಾನದಲ್ಲಿ ಹಗುರವಾಗಿದ್ದ ಸ್ಟಿಕ್ ಹಾರುವಾಗ ಬಿಗಿಯಬಹುದು, ಏಕೆಂದರೆ ಗಾಳಿಯಲ್ಲಿ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಹಳೆಯ ಎಫ್‌ಎಆರ್ 23ರ 683ನೇ ವಿಧಿ ವ್ಯವಸ್ಥೆಗೆ ಭಾರ ಹೇರಿಯೇ ಸಿಕ್ಕಿಬೀಳುವಿಕೆ, ಅತಿ ಘರ್ಷಣೆ, ಅತಿ ಬಾಗು ಮೂರನ್ನೂ ನೋಡಬೇಕೆಂದು ಹೇಳುತ್ತಿದ್ದುದು ಅದಕ್ಕೇ. ಶೆಡ್‌ನಲ್ಲಿಯೂ ಇಬ್ಬರು ರೆಕ್ಕೆಯ ತುದಿಗಳನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದಿರಲಿ, ಇನ್ನೊಬ್ಬರು ಏಲರಾನನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಆಡಿಸಿ ತ್ರಾಸು ಓದಲಿ.