ಬ್ರಿಡ್ಜ್: ಒಂದೇ ಜಾತಿಯ ಬಲವಾದ ಕೈ

೨೦೧೮ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್ನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದ ಮೇಲೆ ಬ್ರಿಡ್ಜ್ ಬರಿಯ ಕಾಲಹರಣವೆಂಬ ಮಾತು ನಿಲ್ಲದು. ಇದರ ಅರ್ಧ ಜಾಣ್ಮೆ ಎಲೆ ಇಳಿಸುವ ಮೊದಲು, ಬಿಡ್ ಕೂಗುವಾಗಲೇ ಬೇಕಾಗುತ್ತದೆ.

ಎದುರಾಳಿಯು ‘ಒಂದು ಆಟೀನ್’ ಎಂದು ಆರಂಭಿಸಿದ್ದಾನೆ. ಮುಂದಿನ ಆಟಗಾರನ ಕೈ ಹೀಗಿದೆ:

ಇಸ್ಪೀಟ್: ಎಕ್ಕ, ರಾಜ, ರಾಣಿ, ೧೦, ೭, ೩
ಆಟೀನ್: ೫, ೪
ಡೈಮಂಡ್: ಎಕ್ಕ, ರಾಣಿ, ೬
ಕಳಾವರ್: ರಾಜ, ೪

ಎಕ್ಕಕ್ಕೆ ೪, ರಾಜನಿಗೆ ೩, ರಾಣಿಗೆ ೨ರಂತೆ ಒಟ್ಟು ೧೮ ಅಂಕ. ‘ಒಂದು ಇಸ್ಪೀಟ್’ ಎಂಬ ಕೂಗು ಸಾಮಾನ್ಯವಾಗಿ ೮ರಿಂದ ೧೬ ಅಂಕಗಳನ್ನು ಸೂಚಿಸುತ್ತದೆ. ಆರು ಅಂಕ, ಎರಡೇ ಇಸ್ಪೀಟ್ ಇರುವ ಜೊತೆಗಾರ ಅದಕ್ಕೆ ಪಾಸ್ ಎಂದರೆ ಗೇಮ್ ಕೈತಪ್ಪೀತು. ಆದುದರಿಂದ ಮೊದಲು ‘ಡಬಲ್’. ಇದು ಜೊತೆಗಾರನು ಬೇರೊಂದು ಜಾತಿಯನ್ನು ಹೆಸರಿಸಲೆಂಬ ಕೋರಿಕೆ. ಅವನು ‘ಎರಡು ಕಳಾವರ್’ ಎಂದ ಬಳಿಕ ‘ಎರಡು ಇಸ್ಪೀಟ್’ ಎಂದರೆ ಬಲವೂ ಜಾತಿಯೂ ಒಟ್ಟಿಗೆ ತಿಳಿಯುತ್ತವೆ.

ಈ ಕ್ರಮದಲ್ಲಿ ಅಪಾಯವೂ ಇದೆ. ಡಬಲ್ ಕೇಳಿದೊಡನೆ ಎದುರು ಜೋಡಿಯ ಇನ್ನೊಬ್ಬನು ‘ನಾಲ್ಕು ಆಟೀನ್’ಗೆ ಜಿಗಿದರೆ, ಜಾತಿಯನ್ನು ಇನ್ನೂ ಹೆಸರಿಸದವನು ‘ನಾಲ್ಕು ಇಸ್ಪೀಟ್’ ಎಂದು ಕತ್ತಲಲ್ಲೇ ಕೂಗಬೇಕಾಗುತ್ತದೆ. ಏಳೆಂಟು ಎಲೆಗಳ ಜಾತಿಯಿದ್ದು ಅಂಕಗಳು ಸಾಧಾರಣವಾಗಿದ್ದರೆ, ಡಬಲ್ ಬಿಟ್ಟು ಜಾತಿಯನ್ನೇ ಮೊದಲು ಕೂಗುವುದು ಲೇಸು. ಎದುರಾಳಿಯು ‘ಮೂರು ಆಟೀನ್’ನಿಂದಲೇ ಆರಂಭಿಸಿ ದಾರಿ ಕಟ್ಟಿದ್ದರೆ, ಮೇಲಿನಂಥ ಕೈಗೆ ನೇರ ‘ನಾಲ್ಕು ಇಸ್ಪೀಟ್’ ಸಲ್ಲುತ್ತದೆ. ಅಲ್ಲಿ ಅದು ಬಲದ ಕೂಗೇ ಹೊರತು ತಡೆಯ ಕೂಗಲ್ಲ.

ಯಾವ ಕೂಗಿಗೆ ಯಾವ ಅರ್ಥವೆಂಬುದನ್ನು ಜೋಡಿಯು ಆಟಕ್ಕೆ ಕೂರುವ ಮೊದಲೇ ಒಪ್ಪಿಕೊಂಡಿರತಕ್ಕದ್ದು.