ಏರಿಳಿತದ ದಾರಿಯಲ್ಲಿ ಬೈಸಿಕಲ್ಲು

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ಡಿನ ವಾಯವ್ಯಕ್ಕೆ ಗ್ವಾದರ್ರಾಮ ಎಂಬ ಪರ್ವತಶ್ರೇಣಿಯಿದೆ. ಅದರ ಆಚೆಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ, ಸೆಗೋವಿಯಾ ಎಂಬ ಪುರಾತನ ನಗರವಿದೆ. ಅಲ್ಲಿಂದ ಬೆಟ್ಟಗಳ ತಪ್ಪಲನ್ನು ಹಿಡಿದು ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ಸಾಗಿದರೆ ಪೆದ್ರಾಸ ಎಂಬ ಕೋಟೆಯ ಹಳ್ಳಿ ಸಿಕ್ಕುವುದು. ದಿಬ್ಬದ ಮೇಲಿರುವ ಈ ಊರಿಗೆ ಸುತ್ತಲೂ ಕಲ್ಲಿನ ಗೋಡೆ. ಒಳಹೋಗಲು ಒಂದೇ ಬಾಗಿಲು. ಊರ ನಡುವಿನ ಚೌಕದ ಅಂಚಿನಲ್ಲಿ ಕಂಬಗಳ ಮೇಲೆ ನಿಂತ ಹಳೆಯ ಮನೆಗಳು. ಊರ ತುದಿಯಲ್ಲಿ ಒಂದು ಕೋಟೆ. ಇಂತಹ ಹಳ್ಳಿಗಳನ್ನು ನೋಡುತ್ತ ಬೈಸಿಕಲ್ಲಿನಲ್ಲಿ ಸಂಚರಿಸುವುದು ಆ ಸೀಮೆಗೆ ಬರುವ ಪ್ರವಾಸಿಗರಿಗೆ ಪ್ರಿಯವಾದ ಹವ್ಯಾಸ.

ಸೆಗೋವಿಯಾ ಮತ್ತು ಪೆದ್ರಾಸಗಳ ಎತ್ತರದಲ್ಲಿರುವ ವ್ಯತ್ಯಾಸ 100 ಮೀಟರಿಗಿಂತಲೂ ಕಡಮೆ. ಆದರೆ ದಾರಿ ಮಾತ್ರ ಸಮತಟ್ಟಾಗಿಲ್ಲ. ಬೆಟ್ಟದಿಂದ ಇಳಿದು ಬರುವ ತೊರೆಗಳು ನೆಲವನ್ನು ಕೊರೆದು ತಗ್ಗುಗಳನ್ನು ಮಾಡಿವೆ. ರಸ್ತೆಯು ಒಂದೊಂದು ತಗ್ಗಿಗೂ ಇಳಿದು, ಮತ್ತೆ ದಿಣ್ಣೆಯನ್ನು ಏರುತ್ತ ಸಾಗುವುದು. ಇಲ್ಲಿ ಭೌತಶಾಸ್ತ್ರವನ್ನು ಓದಿದ ವಿದ್ಯಾರ್ಥಿಯೊಬ್ಬನು ಹೀಗೆ ತರ್ಕಿಸಬಹುದು: “ಏರುವಾಗ ನಾವು ವ್ಯಯಮಾಡಿದ ಶಕ್ತಿಯು ನಾಶವಾಗುವುದಿಲ್ಲ, ಪ್ರಚ್ಛನ್ನ ಶಕ್ತಿಯಾಗಿ ನಮ್ಮಲ್ಲೇ ಉಳಿದು, ಇಳಿಯುವಾಗ ಮರಳಿ ದೊರೆಯುವುದು. ಆದುದರಿಂದ ಏರಿಳಿತದ ದಾರಿಗೂ ಬಯಲು ದಾರಿಗೂ ಒಟ್ಟಿನಲ್ಲಿ ಭೇದವಿರಲಾರದು.”

ತರ್ಕವು ಕೇಳಲು ಚೆನ್ನಾಗಿದೆ. ಆದರೆ ಇದನ್ನು ನಂಬಿ ಹೊರಟವನು ಹೊತ್ತು ಮುಳುಗಿದ ಮೇಲೂ ದಾರಿಯಲ್ಲೇ ಇರುವನು. ತಪ್ಪು ಎಲ್ಲಿದೆ ಎಂಬುದನ್ನು ಈಗ ವಿಚಾರಿಸೋಣ.

ಸವಾರನನ್ನು ತಡೆಯುವ ಬಲಗಳು

ಸವಾರ ಮತ್ತು ಬೈಸಿಕಲ್ಲಿನ ಒಟ್ಟು ದ್ರವ್ಯರಾಶಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸವಾರನು ಎಡೆಬಿಡದೆ 200 ವಾಟ್ ಸಾಮರ್ಥ್ಯದಿಂದ ಪೆಡಲನ್ನು ತುಳಿಯುತ್ತಿರಲಿ. ಇದು ಚೆನ್ನಾಗಿ ಅಭ್ಯಾಸವಿರುವ ತರುಣನಿಗೆ ಸಾಧ್ಯವಾದ ಪ್ರಮಾಣ. ಅವನನ್ನು ಮೂರು ಬಲಗಳು ತಡೆಯುವುವು.

ಮೊದಲನೆಯದು ಟೈರು ನೆಲದ ಮೇಲೆ ಉರುಳುವಾಗ ಉಂಟಾಗುವ ಘರ್ಷಣೆ. ಒಳ್ಳೆಯ ರಸ್ತೆಯಲ್ಲಿ ಇದು ಸುಮಾರು 4 ನ್ಯೂಟನ್. ವೇಗ ಹೆಚ್ಚಿದರೂ ಅಷ್ಟಾಗಿ ಬದಲಾಗದು. ಎರಡನೆಯದು ಗಾಳಿಯ ರೋಧ. ಇದು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದು. ವೇಗ ಎರಡರಷ್ಟಾದರೆ ರೋಧ ನಾಲ್ಕರಷ್ಟಾಗುವುದು. ಸೆಗೋವಿಯಾದ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಅದನ್ನೂ ಗಣನೆಗೆ ತಂದು, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದ ವೇಗವನ್ನು ವರ್ಗಿಸಿ 0.2ರಿಂದ ಗುಣಿಸಿದರೆ ರೋಧವು ನ್ಯೂಟನ್‌ಗಳಲ್ಲಿ ಬರುವುದೆಂದು ಭಾವಿಸೋಣ. ಮೂರನೆಯದು ಗುರುತ್ವ. 100 ಮೀಟರಿಗೆ 5 ಮೀಟರ್ ಏರುವ ದಾರಿಯಲ್ಲಿ ಇದು ಸವಾರನನ್ನು ಸುಮಾರು 39 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುವುದು. ಇಳಿಯುವಾಗ ಅಷ್ಟೇ ಬಲದಿಂದ ಮುಂದಕ್ಕೆ ನೂಕುವುದು.

ಒಟ್ಟು ಬಲವನ್ನು ವೇಗದಿಂದ ಗುಣಿಸಿದರೆ ಬೇಕಾಗುವ ಸಾಮರ್ಥ್ಯವು ದೊರೆಯುವುದಷ್ಟೆ. ಅದನ್ನು 200 ವಾಟಿಗೆ ಸರಿಹೊಂದಿಸಿದರೆ ಸವಾರನ ವೇಗ ತಿಳಿಯುವುದು. ಬಯಲಿನಲ್ಲಿ ಅವನ ವೇಗ ಸೆಕೆಂಡಿಗೆ 9.3 ಮೀಟರ್, ಎಂದರೆ ಗಂಟೆಗೆ ಸುಮಾರು 34 ಕಿಲೋಮೀಟರ್. ಏರಿನಲ್ಲಿ ಸೆಕೆಂಡಿಗೆ 4.3 ಮೀಟರ್, ಗಂಟೆಗೆ ಸುಮಾರು 15 ಕಿಲೋಮೀಟರ್. ಇಳಿಜಾರಿನಲ್ಲಿ ಸೆಕೆಂಡಿಗೆ 15.5 ಮೀಟರ್, ಗಂಟೆಗೆ ಸುಮಾರು 56 ಕಿಲೋಮೀಟರ್. ಇವು ವೇಗವು ಸ್ಥಿರಗೊಂಡ ಮೇಲಿನ ಲೆಕ್ಕಗಳು; ದಾರಿ ತಿರುಗುವಲ್ಲಿ ವೇಗ ಬದಲಾಗಲು ಹಿಡಿಯುವ ಅಲ್ಪ ಕಾಲವನ್ನು ಬಿಟ್ಟಿದ್ದೇವೆ.

ಕಾಲದ ಲೆಕ್ಕ

ಇಲ್ಲಿಯೇ ಹಲವರು ಎಡವುವರು. 15 ಮತ್ತು 56ನ್ನು ಕೂಡಿ ಎರಡರಿಂದ ಭಾಗಿಸಿದರೆ ಸುಮಾರು 35 ಬರುವುದು. ಅದು ಬಯಲಿನ ವೇಗಕ್ಕಿಂತಲೂ ತುಸು ಹೆಚ್ಚೇ! ಹಾಗಾದರೆ ಏರಿಳಿತದ ದಾರಿಯಲ್ಲಿ ಬೇಗನೆ ತಲುಪಬೇಕಾಗಿತ್ತು. ಆದರೆ ಸರಾಸರಿ ವೇಗವೆಂದರೆ ವೇಗಗಳ ಸರಾಸರಿಯಲ್ಲ. ಕ್ರಮಿಸಿದ ಒಟ್ಟು ದೂರವನ್ನು ಹಿಡಿದ ಒಟ್ಟು ಕಾಲದಿಂದ ಭಾಗಿಸಿದಾಗ ಬರುವ ಸಂಖ್ಯೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ತಪ್ಪನ್ನು ನಾವು ವರ್ಷವರ್ಷವೂ ಕಾಣುತ್ತಿರುತ್ತೇವೆ.

1 ಕಿಲೋಮೀಟರ್ ಏರು, ಅನಂತರ 1 ಕಿಲೋಮೀಟರ್ ಇಳಿಜಾರು ಇರುವ ದಾರಿಯನ್ನು ತೆಗೆದುಕೊಳ್ಳೋಣ. ಏರಲು 234 ಸೆಕೆಂಡುಗಳು ಬೇಕು. ಇಳಿಯಲು 64 ಸೆಕೆಂಡುಗಳು. ಒಟ್ಟು 298. ಬಯಲಿನಲ್ಲಿಯಾದರೋ ಅದೇ 2 ಕಿಲೋಮೀಟರಿಗೆ 214 ಸೆಕೆಂಡುಗಳು ಸಾಕು. ಏರಿಳಿತದ ದಾರಿಯಲ್ಲಿ ನಿಜವಾದ ಸರಾಸರಿ ವೇಗ ಗಂಟೆಗೆ 24 ಕಿಲೋಮೀಟರ್ ಮಾತ್ರ.

ಓದುಗರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಬಯಲಿನಲ್ಲಿ ಇಡೀ 2 ಕಿಲೋಮೀಟರನ್ನು ಕ್ರಮಿಸಲು ಬೇಕಾದ ಕಾಲವೇ 214 ಸೆಕೆಂಡು. ಇಲ್ಲಿ ಏರುವುದಕ್ಕೇ 234 ಕಳೆದುಹೋಯಿತು. ಎಂದರೆ ದಿಣ್ಣೆಯ ನೆತ್ತಿಯಿಂದ ಕಣ್ಣು ಮಿಟುಕಿಸುವುದರೊಳಗೆ ಕೆಳಗಿಳಿಯುವ ವಿದ್ಯೆ ಯಾರಿಗಾದರೂ ತಿಳಿದಿದ್ದರೂ, ಅವನು ಬಯಲಿನ ಸವಾರನನ್ನು ಹಿಡಿಯಲಾರ. ಶಕ್ತಿ ಮರಳಿ ದೊರೆಯಬಹುದು. ಕಳೆದ ಕಾಲ ದೊರೆಯದು.

ಶಕ್ತಿಯಾದರೂ ಪೂರ್ತಿಯಾಗಿ ಉಪಯೋಗಕ್ಕೆ ಬಂದಿತೆ? 50 ಮೀಟರ್ ಎತ್ತರವನ್ನು ಏರಿದ ನಮ್ಮ ಸವಾರನಲ್ಲಿ 39,200 ಜೂಲ್ ಪ್ರಚ್ಛನ್ನ ಶಕ್ತಿ ಸಂಗ್ರಹವಾಗಿತ್ತು. ಇಳಿಯುವಾಗ ಅದು ಬಿಡುಗಡೆಯಾದುದೇನೋ ನಿಜ. ಆದರೆ ಆ ವೇಗದಲ್ಲಿ ಗಾಳಿಯನ್ನು ಸೀಳಲು 1 ಕಿಲೋಮೀಟರಿಗೆ ಸುಮಾರು 48,000 ಜೂಲ್ ಬೇಕಾಗುವುದು. ಬಯಲಿನಲ್ಲಿ ಇದಕ್ಕೆ 17,400 ಸಾಕಾಗಿತ್ತು. ಏರಿನಲ್ಲಿ ಗಾಳಿಯ ಪಾಲು ಅತ್ಯಲ್ಪ, 3,700 ಜೂಲ್‌ನಷ್ಟು. ಎರಡು ಕಿಲೋಮೀಟರನ್ನೂ ಕೂಡಿ ನೋಡಿದರೆ ಏರಿಳಿತದ ದಾರಿಯಲ್ಲಿ ಗಾಳಿಯು ಬಯಲಿನಲ್ಲಿ ಪಡೆದುದಕ್ಕಿಂತ ಸುಮಾರು 17,000 ಜೂಲ್ ಹೆಚ್ಚು ಸುಂಕವನ್ನು ವಸೂಲು ಮಾಡಿತು.

ರೋಮನ್ನರ ಉಪಾಯ

ಸೆಗೋವಿಯಾ ನಗರದಲ್ಲಿ ಇದೇ ಸಮಸ್ಯೆಗೆ ರೋಮನ್ ಶಿಲ್ಪಿಗಳು ಸುಮಾರು 1,900 ವರ್ಷಗಳ ಹಿಂದೆ ಕಂಡುಕೊಂಡ ಉತ್ತರ ಇಂದಿಗೂ ನಿಂತಿದೆ. ಬೆಟ್ಟದ ನೀರನ್ನು ನಗರಕ್ಕೆ ತರಬೇಕಾಗಿತ್ತು. ನಡುವೆ ಆಳವಾದ ತಗ್ಗು. ತೆರೆದ ಕಾಲುವೆಯ ನೀರು ತಗ್ಗಿಗೆ ಇಳಿದರೆ ಮತ್ತೆ ಮೇಲೇರದು. ಆದಕಾರಣ ಅವರು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಎರಡು ಅಂತಸ್ತಿನ ಕಮಾನುಗಳನ್ನು ಕಟ್ಟಿ, ಅದರ ನೆತ್ತಿಯ ಮೇಲೆ ಕಾಲುವೆಯನ್ನು ಹರಿಯಿಸಿದರು. ಅದರ ಅತಿ ಹೆಚ್ಚಿನ ಎತ್ತರ ಸುಮಾರು 28 ಮೀಟರ್. ಮೇಲಿನ ನೀರಿಗೆ ಒಂದೇ ಸಮನಾದ ಮೆಲ್ಲನೆಯ ಇಳಿಜಾರು. 1985ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮೇಲ್ಗಾಲುವೆಯನ್ನೂ ಹಳೆಯ ನಗರವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಬುಡದಿಂದ ಹೊರಡುವ ಬೈಸಿಕಲ್ ಸವಾರನಿಗೆ ಅಂತಹ ಕಮಾನುಗಳಿಲ್ಲ. ಪ್ರತಿಯೊಂದು ತಗ್ಗಿಗೂ ಅವನು ಇಳಿದೇ ಏರಬೇಕು.

ಸವಾರನು ಏನು ಮಾಡಬೇಕು?

ದಾರಿಯನ್ನು ಬದಲಿಸಲಾಗದಿದ್ದರೂ ತುಳಿಯುವ ಕ್ರಮವನ್ನು ಬದಲಿಸಬಹುದು. ಏರಿನಲ್ಲಿ 200 ವಾಟಿನ ಬದಲು 250 ವಾಟಿನಿಂದ ತುಳಿದು, ಇಳಿಜಾರಿನಲ್ಲಿ ತುಳಿಯದೆ ಸುಮ್ಮನೆ ಉರುಳಲಿ. ಆಗ ಏರಲು 194 ಸೆಕೆಂಡು, ಇಳಿಯಲು 75 ಸೆಕೆಂಡು, ಒಟ್ಟು 269. ಮೊದಲಿಗಿಂತ 29 ಸೆಕೆಂಡು ಉಳಿಯಿತು. ಅಷ್ಟೇ ಅಲ್ಲ, ಮೊದಲು ಮಾಡಿದ ಕೆಲಸ 59,600 ಜೂಲ್, ಈಗ ಮಾಡಿದುದು 48,500 ಮಾತ್ರ. ಕಡಮೆ ದುಡಿದು ಬೇಗನೆ ತಲುಪಿದಂತಾಯಿತು! ಕಾರಣ ಸ್ಪಷ್ಟ. ಏರಿನಲ್ಲಿ ಹೆಚ್ಚಿಸಿದ ಸಾಮರ್ಥ್ಯದ ಬಹುಪಾಲು ವೇಗವಾಗಿ ಪರಿಣಮಿಸುವುದು. ಇಳಿಜಾರಿನಲ್ಲಿ ತುಳಿದುದೆಲ್ಲ ಗಾಳಿಯ ಪಾಲು. ಆದರೆ ಈ ಉಪಾಯ ಸಣ್ಣ ದಿಣ್ಣೆಗಳಿಗೆ ಮಾತ್ರ ಸಲ್ಲುವುದು. ಉದ್ದವಾದ ಏರಿನಲ್ಲಿ ಶಕ್ತಿಮೀರಿ ತುಳಿದರೆ ಸ್ನಾಯುಗಳು ಸೋತು, ಲೆಕ್ಕವೆಲ್ಲ ತಲೆಕೆಳಗಾಗುವುದು.

ತೊಲೇದೊ ಸೀಮೆಯ ಫೆದೆರೀಕೊ ಬಾಮೊಂತೆಸ್ ಅವರು ಇದಕ್ಕೆ ಒಳ್ಳೆಯ ನಿದರ್ಶನ. ಏರಿನಲ್ಲಿ ಅವರಿಗೆ ಸಮಾನರು ವಿರಳ; ಇಳಿಜಾರಿನಲ್ಲಿ ಮಾತ್ರ ಅಳುಕುತ್ತಿದ್ದರೆಂದು ಪ್ರತೀತಿ. ಆದರೂ 1959ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದ ಮೊದಲ ಸ್ಪೇನ್ ದೇಶೀಯರು ಅವರೇ. ಬೆಟ್ಟದ ದಾರಿಯಲ್ಲಿ ಕಾಲವನ್ನು ಗಳಿಸುವುದು ಏರಿನಲ್ಲಿಯೇ.

ಇಳಿಜಾರಿನಲ್ಲಿ ಅವಸರಪಡದಿರಲು ಇನ್ನೊಂದು ಬಲವಾದ ಕಾರಣವಿದೆ. ಇಂತಹ ದಾರಿಯಲ್ಲಿ ಇಳಿಜಾರು ಮುಗಿದೊಡನೆ ಹಳ್ಳಿಯೊಂದು ಎದುರಾಗಬಹುದು: ಇಕ್ಕಟ್ಟಾದ ಬೀದಿ, ಕಲ್ಲುಹಾಸಿನ ನೆಲ, ತಿರುವಿನ ಆಚೆ ಆಡುವ ಮಕ್ಕಳು. ಸುಮ್ಮನೆ ಉರುಳಿದರೂ ನಮ್ಮ ಸವಾರನ ವೇಗ ಗಂಟೆಗೆ 48 ಕಿಲೋಮೀಟರ್. ಅಡ್ಡಿಯನ್ನು ಕಂಡು ಬ್ರೇಕನ್ನು ಹಿಡಿಯಲು ಅವನಿಗೆ ಒಂದು ಸೆಕೆಂಡು ಬೇಕಾದರೆ ಅಷ್ಟರಲ್ಲಿ 13 ಮೀಟರ್ ಸಾಗಿರುತ್ತಾನೆ. ಬ್ರೇಕು ಸೆಕೆಂಡಿಗೆ 4 ಮೀಟರಿನಂತೆ ವೇಗವನ್ನು ತಗ್ಗಿಸಿದರೆ ನಿಲ್ಲಲು ಮತ್ತೆ 22 ಮೀಟರ್, ಒಟ್ಟು 35. ವೇಗವನ್ನು ಮೊದಲೇ ಅರ್ಧಕ್ಕೆ ಇಳಿಸಿಕೊಂಡಿದ್ದರೆ 12 ಮೀಟರ್ ಸಾಕು. ಮಳೆಯಿಂದ ನೆನೆದ ಕಲ್ಲಿನ ಮೇಲೆ ಬ್ರೇಕಿನ ಹಿಡಿತ ಅರ್ಧವಾದರೆ, ಪೂರ್ಣ ವೇಗದಲ್ಲಿ ಬರುವವನಿಗೆ 57 ಮೀಟರ್ ಬೇಕಾಗುವುದು. ತಿರುವಿನ ಆಚೆ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ. ಇಳಿಜಾರಿನಲ್ಲಿ ನಿಧಾನಿಸಿದರೆ ಹೋಗುವುದು ಕೆಲವೇ ಸೆಕೆಂಡುಗಳು. ನಿಧಾನಿಸದಿದ್ದರೆ ಹೋಗಬಹುದಾದುದಕ್ಕೆ ಬೆಲೆ ಕಟ್ಟಲಾಗದು.

ಕೊನೆಯಲ್ಲಿ ಓದುಗರಿಗೆ ಒಂದು ಅಭ್ಯಾಸ. ಒಬ್ಬನು 3 ಕಿಲೋಮೀಟರ್ ಏರನ್ನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಏರಿದನು. ಅಷ್ಟೇ ದೂರದ ಇಳಿಜಾರನ್ನು ಎಷ್ಟು ವೇಗದಲ್ಲಿ ಇಳಿದರೆ ಅವನ ಒಟ್ಟು ಸರಾಸರಿ ವೇಗ ಗಂಟೆಗೆ 24 ಕಿಲೋಮೀಟರ್ ಆಗುವುದು? ಕೂಡಲೇ 36 ಎನ್ನಬೇಡಿ. ಕಾಗದದ ಮೇಲೆ ಕಾಲವನ್ನು ಲೆಕ್ಕಹಾಕಿರಿ; ಉತ್ತರವನ್ನು ಕಂಡಾಗ ಈ ಲೇಖನದ ಸಾರವೆಲ್ಲ ಒಂದೇ ಸಾಲಿನಲ್ಲಿ ಮನಸ್ಸಿಗೆ ಬರುವುದು.